ಹಸಿ ಕಸ ಹೊಸ್ತಿಲು ದಾಟದಿರಲಿ

ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ತಾಳಿಕೊಂಡಿದ್ದು ಮಂಡೂರು, ಮಾವಳ್ಳಿಪುರದಂಥ ಹಳ್ಳಿಗಳು. ಊರಿನವರು ಪಟ್ಟುಹಿಡಿದು ಹೋರಾಡಿದ ಮೇಲೆ, 2014ರ ಕೊನೆಗೆ ಮಂಡೂರಿಗೆ ಕಸದ ಲಾರಿ ಹೋಗುವುದು ನಿಂತಿತು. ಕಸದ ಗುಡ್ಡೆಯ ದುರ್ನಾತಕ್ಕೂ ಅಲ್ಲಿಂದ ನೆಲಕ್ಕಿಳಿಯುವ ಕಪ್ಪು ರಸಕ್ಕೂ ಮುಖ್ಯ ಕಾರಣ ನಮ್ಮ ಅಡುಗೆಮನೆಯ ಹಸಿ ಕಸ. ಗಾಳಿಯಾಡದ ರಾಶಿಯಡಿ ಕೊಳೆತಾಗ ಅದು ಮಿಥೇನ್ ಅನಿಲವನ್ನೂ ಹೊರಬಿಡುತ್ತದೆ. ಅದೇ ಕಸಕ್ಕೆ ಗಾಳಿ ಸಿಕ್ಕರೆ ಎರಡು-ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಬಾಲ್ಕನಿಯ ಒಂದು ಮೂಲೆ ಇದಕ್ಕೆ ಸಾಕು.

ಏನೇನು ಬೇಕು?

ಮುಚ್ಚಳವಿರುವ, 20 ಲೀಟರ್ ಹಿಡಿಸುವ ಎರಡು ಪೇಂಟ್ ಬಕೆಟ್ ಅಥವಾ ಮಣ್ಣಿನ ಮಡಕೆ. ಒಣಗಿದ ತರಗೆಲೆ ಅಥವಾ ಕೊಕೊಪೀಟ್. ಸ್ವಲ್ಪ ಹುಳಿ ಮಜ್ಜಿಗೆ. ಒಂದಿಷ್ಟು ಬೇವಿನ ಹಿಂಡಿ. ಬೇಸಿಗೆಗೆ ಮುಂಚೆ ರಸ್ತೆಬದಿಯ ಮರಗಳು ಎಲೆ ಉದುರಿಸುತ್ತವೆ. ಯಾರಾದರೂ ಗುಡಿಸಿ ಬೆಂಕಿ ಇಡುವ ಮೊದಲು ನಾಲ್ಕಾರು ಗೋಣಿಚೀಲ ತುಂಬಿಟ್ಟುಕೊಳ್ಳಿ.

ಮಾಡುವ ವಿಧಾನ

1. ಬಕೆಟ್ಟಿನ ತಳಕ್ಕೂ ಸುತ್ತಲೂ ಬೆರಳು ಗಾತ್ರದ ತೂತು ಕೊರೆಯಿರಿ. ಇಟ್ಟಿಗೆಯ ಮೇಲಿಟ್ಟು, ಕೆಳಗೊಂದು ತಟ್ಟೆ ಇಡಿ.

2. ತಳದಲ್ಲಿ ನಾಲ್ಕು ಬೆರಳು ಎತ್ತರಕ್ಕೆ ತರಗೆಲೆ ಹಾಸಿ.

3. ಸೊಪ್ಪಿನ ದಂಟು, ತರಕಾರಿ ಸಿಪ್ಪೆ, ಕಾಫಿ ಚರಟ, ದೇವರಿಗೆ ಮುಡಿಸಿದ ಹೂವು ಎಲ್ಲವನ್ನೂ ಸಣ್ಣಗೆ ಹೆಚ್ಚಿ ಹಾಕಿ. ಸಾರು, ಎಣ್ಣೆ ಪದಾರ್ಥ, ಮಾಂಸ, ಮೂಳೆ ಬೇಡ. ಹೂವಿನ ದಾರ ಬಿಚ್ಚಿ ತೆಗೆಯಿರಿ.

4. ಒಂದು ಬಟ್ಟಲು ಹಸಿ ಕಸಕ್ಕೆ ಅಷ್ಟೇ ಒಣ ಎಲೆ ಮುಚ್ಚಿ. ಮೊದಮೊದಲು ಹುಳಿ ಮಜ್ಜಿಗೆ ಚಿಮುಕಿಸಿದರೆ ಕಳಿಯುವುದು ಬೇಗ ಶುರುವಾಗುತ್ತದೆ.

5. ವಾರಕ್ಕೆರಡು ಸಲ ಕೋಲಿನಿಂದ ಅಡಿಮೇಲು ಮಾಡಿ. ಬಕೆಟ್ ತುಂಬಿದ ಮೇಲೆ ಮುಚ್ಚಿಟ್ಟು, ಎರಡನೆಯದನ್ನು ಬಳಸಿ.

ತೊಂದರೆ ಬಂದರೆ

ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಒಸರಿದರೆ ಹದ ಸರಿಯಿದೆ. ನೀರು ಧಾರೆಯಾಗಿ ಇಳಿದರೆ, ವಾಸನೆ ಹೊಡೆದರೆ, ಒಣ ಎಲೆ ಬೆರೆಸಿ ಚೆನ್ನಾಗಿ ಕೆದಕಿ. ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಕಸ ಕಳಿಯುತ್ತಿದೆ ಎಂದೇ ಅರ್ಥ. ಹುಳುಗಳೂ ಗಿಡಕ್ಕೆ ಕೆಡುಕು ಮಾಡುವುದಿಲ್ಲ; ಹೆಚ್ಚಾದರೆ ಒಣ ಎಲೆಯ ಜೊತೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ.

ಕಪ್ಪಗಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧ. ಜರಡಿ ಹಿಡಿದು, ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು ಬೆರೆಸಿ ಕರಿಬೇವು, ಮೆಂತ್ಯ ಸೊಪ್ಪಿನ ಕುಂಡಕ್ಕೆ ಹಾಕಿ. ಜರಡಿಯಲ್ಲಿ ಉಳಿದ ಗೊರಟೆ, ಕಡ್ಡಿಗಳು ಮತ್ತೆ ಬಕೆಟ್ಟಿಗೇ ಹೋಗಲಿ.

ಒಣ ಕಸಕ್ಕೂ ಲಾಭ

ಬೆಂಗಳೂರಿನಲ್ಲಿ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಹೈಕೋರ್ಟ್ 2015ರಲ್ಲಿ ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್, ಡೈಪರ್‌ಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಹಸಿ ಕಸ ಮನೆಯಲ್ಲೇ ಉಳಿದರೆ ಕಾಗದ, ಪ್ಲಾಸ್ಟಿಕ್ ಒದ್ದೆಯಾಗದೆ ಮರುಬಳಕೆಗೆ ಹೋಗುತ್ತವೆ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ತುದಿಯನ್ನು ಪೂರ್ತಿ ಬೇರೆ ಮಾಡಬೇಡಿ. ಆ ಚೂರನ್ನು ಯಾರೂ ಆಯುವುದಿಲ್ಲ. ಪ್ಯಾಕೆಟ್ ತೊಳೆದು ಒಣಗಿಸಿ ಕೊಡಿ. ಪ್ಯಾಡನ್ನು ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ.

ನಮ್ಮ ಎಂಜಲು, ಕೊಳಕನ್ನು ಪೌರಕಾರ್ಮಿಕರು ಬರಿಗೈಯಲ್ಲಿ ಆಯುವಂತೆ ಮಾಡುವುದು ಅನ್ಯಾಯ. ಅದನ್ನು ತಪ್ಪಿಸುವುದು ಪ್ರತಿ ಮನೆಯ ಕೈಯಲ್ಲಿದೆ.