ಕಟರ್ ಹಿಡಿಯುವುದನ್ನು ಕೊಂಡುಕೋ, ಜಾಬ್ ಹಿಡಿಯುವುದನ್ನು ಮಾಡಿಕೋ

ಮನೆಯ ಶೆಡ್ಡಿಗೆ ಸಣ್ಣ ಮಿಲ್ಲಿಂಗ್ ಮೆಷಿನ್ ತಂದಿದ್ದೀಯ, ಸಂತೋಷ. ಆದರೆ ಮೆಷಿನ್ನಿಗೆ ಕೊಟ್ಟಷ್ಟೇ ದುಡ್ಡು ಹೆಚ್ಚುಕಡಿಮೆ ಟೂಲಿಂಗಿಗೂ ಹೋಗುತ್ತದೆ ಕಣಪ್ಪ. ಒಂದೇ ದಿನ ಹೋಗಬೇಕಿಲ್ಲ, ಅಷ್ಟೆ. ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಗೆ ಕಾಲಿಟ್ಟರೆ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ಎಂಡ್ ಮಿಲ್ ಸೆಟ್ ತೋರಿಸುತ್ತಾರೆ. ಮೋಹಕ್ಕೆ ಬೀಳಬೇಡ. ಅದರಲ್ಲಿ ಮುಕ್ಕಾಲು ಪಾಲು ತುಕ್ಕು ಹಿಡಿಯುವುದಕ್ಕೇ ಇರುವುದು. 6, 10, 12 ಮಿ.ಮೀ. ಎಚ್‌.ಎಸ್‌.ಎಸ್. (ಹೈ ಸ್ಪೀಡ್ ಸ್ಟೀಲ್) ಕಟರ್ ಬಿಡಿಬಿಡಿಯಾಗಿ ತಗೋ. ಅಲ್ಯೂಮಿನಿಯಮ್ಮಿಗೆ ಎರಡು ಫ್ಲೂಟಿನದು, ಎಂ.ಎಸ್‌.ಗೆ (ಮೈಲ್ಡ್ ಸ್ಟೀಲ್) ನಾಲ್ಕರದು. ಕಾರ್ಬೈಡಿನ ಆಸೆ ಈಗಲೇ ಬೇಡ. ಹಗುರವಾದ ಮೆಷಿನ್ ನಡುಗುತ್ತದೆ, ನಡುಕಕ್ಕೆ ಕಾರ್ಬೈಡಿನ ಅಂಚು ಚಕ್ಕೆ ಏಳುತ್ತದೆ.

ಕಟರನ್ನು ಹಿಡಿಯುವ ಸಾಮಾನಿನಲ್ಲಿ ಮಾತ್ರ ಜುಗಾಡ್ ಮಾಡಬೇಡ. ಡ್ರಿಲ್ ಚಕ್ ಹೇಗೂ ಇದೆಯಲ್ಲ, ಎಂಡ್ ಮಿಲ್ಲನ್ನೂ ಅದಕ್ಕೇ ಕಚ್ಚಿಸೋಣ ಅನ್ನಿಸುತ್ತದೆ. ಡ್ರಿಲ್ ಬಿಟ್ಟಿಗೆ ಬೀಳುವ ಒತ್ತಡ ನೇರ ಮೇಲಕ್ಕೆ. ಎಂಡ್ ಮಿಲ್ಲಿಗೆ ಬೀಳುವುದು ಪಕ್ಕದಿಂದ. ಚಕ್ಕಿನ ಮೂರು ದವಡೆ ಅದನ್ನು ತಡೆಯುವುದಿಲ್ಲ. ಕಟರ್ ಮೆಲ್ಲಗೆ ಕೆಳಗೆ ಜಾರಿ ಜಾಬನ್ನು ಆಳಕ್ಕೆ ಕೊರೆಯುತ್ತದೆ, ಇಲ್ಲವೇ ಚಕ್ಕೇ ಟೇಪರಿನಿಂದ ಕಳಚಿ ತಿರುಗುತ್ತಾ ಬೀಳುತ್ತದೆ. ಇಆರ್ 25 ಕೊಲೆಟ್ ಚಕ್ ಒಂದು ಕೊಂಡುಕೋ, 16 ಮಿ.ಮೀ.ವರೆಗೂ ಹಿಡಿಯುತ್ತದೆ. ಕೊಲೆಟ್‌ಗಳನ್ನೂ ನಿನ್ನ ಕಟರ್ ಶ್ಯಾಂಕಿನ ಅಳತೆಗೆ ಬೇಕಾದಷ್ಟೇ ತಗೋ. ಜಾಬ್ ಹಿಡಿಯುವುದೇ ಆದರೂ ಒಳ್ಳೆಯ ವೈಸ್ ಕೂಡ ಕೊಳ್ಳುವ ಸಾಮಾನೇ.

ಕಟರಿನ ಕಡೆಯದನ್ನೆಲ್ಲ ಕೊಂಡುಕೋ ಅನ್ನುವ ಮಾತಿಗೆ ಒಂದು ವಿನಾಯಿತಿ ಇದೆ, ಫ್ಲೈ ಕಟರ್. ಮೇಲ್ಮೈ ಸಪಾಟು ಮಾಡಲು ಅದಕ್ಕಿಂತ ಅಗ್ಗದ ದಾರಿಯಿಲ್ಲ. ಎಂ.ಎಸ್. ರಾಡಿನ ಒಂದೇ ತುಂಡಿನಲ್ಲಿ ತಲೆಯನ್ನೂ ಶ್ಯಾಂಕನ್ನೂ ಲೇತಿನಲ್ಲಿ ತೆಗೆ. ಬೆಸುಗೆ ಹಾಕಿ ಜೋಡಿಸಬೇಡ. ತಲೆಯಲ್ಲಿ ಓರೆಯಾಗಿ ತೋಡು ಕೊರೆದು 8 ಮಿ.ಮೀ. ಟೂಲ್ ಬಿಟ್ ಕೂರಿಸಿ ಮೂರು ಗ್ರಬ್ ಸ್ಕ್ರೂ ಬಿಗಿ. ವೇಗ ಮಾತ್ರ ಇಳಿಸಬೇಕು. ಎಂ.ಎಸ್‌.ಗೆ ಎಚ್‌.ಎಸ್‌.ಎಸ್. ಅಂದರೆ ನಿಮಿಷಕ್ಕೆ ಸುಮಾರು 25 ಮೀಟರ್ ಲೆಕ್ಕ, 10 ಮಿ.ಮೀ. ಕಟರಿಗೆ 800 ಸುತ್ತು ಬಂದರೆ, 50 ಮಿ.ಮೀ. ಅಗಲ ಸುತ್ತುವ ಫ್ಲೈ ಕಟರಿಗೆ 160.

ಜಾಬ್ ಹಿಡಿಯುವ ಕಡೆ ನಿನ್ನ ತಲೆ ಎಷ್ಟು ಬೇಕಾದರೂ ಓಡಿಸು. ಗುಜರಿಯಲ್ಲಿ ಸಿಗುವ ದೊಡ್ಡ ಬೇರಿಂಗಿನ ಹೊರ ರೇಸ್ ಬಂಗಾರ. ಅದರ ಎರಡು ಮುಖವೂ ಗ್ರೈಂಡ್ ಆಗಿ ಸಮಾನಾಂತರವಾಗಿರುತ್ತವೆ. ಟೇಬಲ್ಲಿನ ಮೇಲಿಟ್ಟು ಸ್ಪಿಂಡಲ್ಲಿಗೆ ಡಯಲ್ ಕಟ್ಟಿ ಮುಖದ ಮೇಲೆ ಸುತ್ತಿಸಿದರೆ, ಟಿ-ಸ್ಲಾಟಿನ ಕಾಟವಿಲ್ಲದೆ ಹೆಡ್ ನೇರವಿದೆಯೋ ಇಲ್ಲವೋ ಗೊತ್ತಾಗುತ್ತದೆ. ಎರಡು ರೇಸ್ ಸೇರಿಸಿ ಪ್ಯಾರಲಲ್ಲಿನಂತೆಯೂ ಬಳಸಬಹುದು. ಆದರೆ ನಂಬರ್ ಒಂದೇ ಅಂತ ಅಗಲವೂ ಒಂದೇ ಅಂದುಕೊಳ್ಳಬೇಡ, ಮೈಕ್ರೋಮೀಟರ್ ಹಿಡಿದು ಜೋಡಿ ಮಾಡು. ಒರಟು ಜಾಬನ್ನು ವೈಸಿಗೆ ಹಾಕುವಾಗ ಸರಿಯುವ ದವಡೆಯ ಕಡೆ ಒಂದು ಅಲ್ಯೂಮಿನಿಯಂ ರಾಡಿನ ತುಂಡು ಅಡ್ಡ ಇಡು. ಜಾಬ್ ಹೋಗಿ ಅಲುಗದ ದವಡೆಗೆ ಅಂಟಿ ನಿಲ್ಲುತ್ತದೆ. ಡಿವೈಡಿಂಗ್ ಹೆಡ್ಡಿಗೆ ದುಡ್ಡಿಲ್ಲವೇ? ಲೇತಿನ 60 ಹಲ್ಲಿನ ಗೇರಿಗೆ ಒಂದು ಪಿನ್ ಕೂರಿಸಿದರೆ 3, 4, 5, 6, 10, 12 ಭಾಗಗಳೆಲ್ಲ ಬರುತ್ತವೆ.

ಟಿ-ನಟ್ ಮನೆಯಲ್ಲೇ ಮಾಡಿಕೊಳ್ಳಬಹುದು, ಮಾಡಿಕೊಳ್ಳಬೇಕು ಕೂಡ. ಆದರೆ ಥ್ರೆಡ್ಡನ್ನು ಆಚೆವರೆಗೆ ಹೊಡೆಯಬೇಡ, ಕೊನೆಯ ಒಂದೆರಡು ಸುತ್ತು ಬಿಡು. ಸ್ಟಡ್ ತೂರಿ ಸ್ಲಾಟಿನ ತಳ ಮುಟ್ಟಿತೋ, ಬಿಗಿದಷ್ಟೂ ಅದು ಜಾಕಿನಂತೆ ನಟ್ಟನ್ನು ಮೇಲಕ್ಕೆತ್ತಿ ಬೀಡಿನ ಟೇಬಲ್ಲಿನ ತುಟಿಯನ್ನೇ ಮುರಿಯುತ್ತದೆ. ಹೊಸ ಟೇಬಲ್ ಸುಲಭಕ್ಕೆ ಸಿಗುವುದಿಲ್ಲ. ಕ್ಲ್ಯಾಂಪ್ ಹಾಕುವಾಗ ಬೋಲ್ಟು ಜಾಬಿನ ಹತ್ತಿರ ಇರಲಿ, ಹಿಂದಿನ ಪ್ಯಾಕಿಂಗ್ ಕೂದಲೆಳೆಯಷ್ಟು ಎತ್ತರವಿರಲಿ. ಕೈಗವಸು ಹಾಕಿಕೊಂಡು ತಿರುಗುವ ಕಟರಿನ ಹತ್ತಿರ ಹೋಗಬೇಡ. ಕನ್ನಡಕ ತೆಗೆಯಬೇಡ.

ಇನ್ನು ಅಂಗಡಿಗೆ ಹೋಗುವಾಗ ಮೆಷಿನ್ನಿನ ಡ್ರಾಬಾರ್ (ಆರ್ಬರನ್ನು ಸ್ಪಿಂಡಲ್ಲಿನೊಳಗೆ ಎಳೆದು ಹಿಡಿಯುವ ಉದ್ದ ಬೋಲ್ಟು) ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗು. ಮೋರ್ಸ್ ಟೇಪರ್ 3ರ ಆರ್ಬರ್‌ಗಳಲ್ಲಿ 10 ಮಿ.ಮೀ. ಥ್ರೆಡ್ಡಿನದೂ ಬರುತ್ತದೆ, 3/8 ಇಂಚಿನದೂ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಮನೆಗೆ ಬಂದು ತಪ್ಪಾದದ್ದನ್ನು ಹಾಕಿದರೆ ಎರಡು ಸುತ್ತಿಗೆ ಕಚ್ಚಿಕೊಳ್ಳುತ್ತದೆ.