‘ನಿಟ್’ ಎಂದರೆ ಬೆಚ್ಚಬೇಡಿ

ಅಮೆರಿಕದ ರೆಡ್ಮಂಡ್, ಬೆಲ್‌ವ್ಯೂ ಕಡೆಯ ಸಾಫ್ಟ್‌ವೇರ್ ಕಚೇರಿಗಳಿಗೆ ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು. ನೀವು ಬರೆದ ಕೋಡನ್ನು ಸಹೋದ್ಯೋಗಿ ರಿವ್ಯೂ ಮಾಡಿ, ಸಾಲಿನ ಪಕ್ಕ ‘ನಿಟ್’ ಎಂದು ಬರೆದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ನಿಟ್ ಅಂದರೆ ನಮ್ಮ ಸೀರು, ಹೇನಿನ ಮೊಟ್ಟೆ. ಹೆಸರು ಸರಿಯಿಲ್ಲ, ಖಾಲಿ ಜಾಗ ಹೆಚ್ಚಾಯಿತು ಎನ್ನುವಂಥ ಚಿಲ್ಲರೆ ತಕರಾರು ಅದು. ತಿದ್ದಿದರೆ ಒಳ್ಳೆಯದು, ಬಿಟ್ಟರೂ ಸಾಮಾನ್ಯವಾಗಿ ಕೆಲಸ ನಿಲ್ಲುವುದಿಲ್ಲ. ಆದರೆ ಆ ಗುರುತಿಲ್ಲದೆ, ‘ಇದು ಯಾಕೆ ಹೀಗೆ?’ ಎಂದು ಮೆಲ್ಲಗೆ ಕೇಳಿದ್ದಾರೋ, ಅಲ್ಲಿ ಎಚ್ಚರ. ಇಲ್ಲಿ ಎಷ್ಟೋ ಜನ ದೊಡ್ಡ ಆಕ್ಷೇಪವನ್ನೂ ಪ್ರಶ್ನೆಯ ರೂಪದಲ್ಲೇ ಇಡುತ್ತಾರೆ. ನನಗಂತೂ ಇದಕ್ಕಿಂತ ನಮ್ಮ ಮೇಷ್ಟ್ರ ಕೆಂಪು ಶಾಯಿಯೇ ವಾಸಿ ಅನ್ನಿಸುತ್ತದೆ, ಇರಲಿ.

ವರ್ಷದ ರಿವ್ಯೂ ಬೇರೆ ವಿಷಯ, ಅದು ಸಂಬಳಕ್ಕೆ ಅಂಟಿಕೊಂಡದ್ದು. ಮೈಕ್ರೋಸಾಫ್ಟ್‌ನಲ್ಲಿ ನೌಕರರನ್ನು ಒಬ್ಬರ ಎದುರು ಒಬ್ಬರನ್ನು ಇಟ್ಟು ದರ್ಜೆ ಹಂಚುವ ಪದ್ಧತಿ 2013ರ ನವೆಂಬರ್‌ವರೆಗೂ ಇತ್ತು. ಕೋಡ್ ರಿವ್ಯೂ, ವರ್ಷದ ರಿವ್ಯೂ ಎರಡೂ ಒಂದೇ ಎಂದುಕೊಂಡು ನಿದ್ದೆಗೆಡಬೇಡಿ. ಬೇರೆಯವರ ಕೋಡ್ ನೋಡುವ ಸರದಿ ನಿಮ್ಮದಾದಾಗ ಚಿಕ್ಕದಕ್ಕೆ ‘ನಿಟ್’ ಎಂದು ಬರೆಯಿರಿ, ದೊಡ್ಡದಕ್ಕೆ ಕಾರಣ ಬರೆಯಿರಿ, ಬರೆದವರ ಬುದ್ಧಿವಂತಿಕೆಯ ಗೊಡವೆಗೆ ಹೋಗಬೇಡಿ.