ಟ್ರಕ್ ಎಂಜಿನ್: ಕ್ಯಾಮ್‌ಶಾಫ್ಟ್–ಟ್ಯಾಪೆಟ್ ಸವೆತ – ಮುಖ್ಯಾಂಶಗಳು (ಅಲ್ ನಹ್ದಾ, ಯುಎಇ)

ಸ್ಥಳ, ಹವೆ, ನಿಯಮ
• ಅಲ್ ನಹ್ದಾ: ದುಬೈ–ಶಾರ್ಜಾ ಗಡಿಯ ಬಡಾವಣೆ, ದುಬೈ ಬದಿಯಲ್ಲಿ ಅಲ್ ನಹ್ದಾ 1 ಮತ್ತು 2, ಶಾರ್ಜಾ ಬದಿಯಲ್ಲೂ ಅದೇ ಹೆಸರು
• ನೆರೆ: ಅಲ್ ಕುಸೈಸ್ ಕೈಗಾರಿಕಾ ಪ್ರದೇಶ, ಶಾರ್ಜಾ ಕೈಗಾರಿಕಾ ಪ್ರದೇಶ (ಹಳೆಯ ಬಿಡಿಭಾಗಗಳ ಮಾರುಕಟ್ಟೆಗೆ ಹೆಸರುವಾಸಿ)
• 24 ಮೇ 2025: ಸ್ವೈಹಾನ್‌ನಲ್ಲಿ (ಅಬುಧಾಬಿ ಎಮಿರೇಟ್) 51.6° ಸೆ.
• ಎಮಿರೇಟ್ಸ್ ರಸ್ತೆ, ಅಲ್ ಅವೀರ್‌ನಿಂದ ಶಾರ್ಜಾ ದಿಕ್ಕು: ಸಂಜೆ 5.30ರಿಂದ 8ರವರೆಗೆ ಟ್ರಕ್ ನಿಷೇಧ, 1 ಜನವರಿ 2025ರಿಂದ
• ಭಾರಿ ವಾಹನದ ಗರಿಷ್ಠ ಒಟ್ಟು ತೂಕ: 65 ಟನ್
• ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ: ಯುಎಇ – 2014, ಭಾರತ (ಬಿಎಸ್-6) – 1 ಏಪ್ರಿಲ್ 2020

ಮೊದಲುಗಳು
• ಕ್ಯಾಮ್ ಅಳವಡಿಸಿದ ದಂಡದ ಪ್ರಸಿದ್ಧ ವಿವರಣೆ: ಅಲ್-ಜಝರಿ, 1206
• ಹೈಡ್ರಾಲಿಕ್ ಟ್ಯಾಪೆಟ್‌ನ ಆರಂಭಿಕ ಬಳಕೆ: ಕ್ಯಾಡಿಲಾಕ್ ವಿ-16, 1930
• ಸವೆತ ನಿರೋಧಕ ಜೆಡ್‌ಡಿಡಿಪಿ (ಸತು–ರಂಜಕ ಸಂಯುಕ್ತ): 1940ರ ದಶಕ, ಮೊದಲ ಉದ್ದೇಶ ಆಯಿಲ್ ಉತ್ಕರ್ಷಣ ಮತ್ತು ಬೇರಿಂಗ್ ಕೊರೆತ ತಡೆ, ಸವೆತ ತಡೆಯ ಗುಣ ಗೊತ್ತಾದದ್ದು ನಂತರ
• ಎಂಜಿನ್ ಬ್ರೇಕ್ (ಜೇಕ್ ಬ್ರೇಕ್): ಕ್ಲೆಸ್ಸಿ ಕಮಿನ್ಸ್ ಆವಿಷ್ಕಾರ, ಉತ್ಪಾದನೆ 1961


ರಚನೆ
• ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ಯಾಮ್ ವೇಗ = ಕ್ರ್ಯಾಂಕ್ ವೇಗದ ಅರ್ಧ
• ಚಪ್ಪಟೆ ಟ್ಯಾಪೆಟ್: ಹೆಸರಿಗಷ್ಟೇ ಚಪ್ಪಟೆ, ತಳ ಅತಿ ಸೂಕ್ಷ್ಮವಾಗಿ ಉಬ್ಬು, ಲೋಬ್‌ಗೆ (ಕ್ಯಾಮ್‌ನ ಉಬ್ಬು ಭಾಗ) ತುಸು ಓರೆ, ಫಲ – ಟ್ಯಾಪೆಟ್‌ನ ನಿರಂತರ ಸ್ವಯಂಭ್ರಮಣ
• ಭ್ರಮಣ ನಿಂತ ಟ್ಯಾಪೆಟ್ = ಸವೆತದ ಆರಂಭ
• ರೋಲರ್ ಟ್ಯಾಪೆಟ್: ಉಜ್ಜುವಿಕೆ ಕಡಿಮೆ, ದುರ್ಬಲ ಬಿಂದು – ಪಿನ್ ಮತ್ತು ಸೂಜಿ ಬೇರಿಂಗ್
• ತಲೆಭಾಗದಲ್ಲಿ ಕ್ಯಾಮ್ (ಓವರ್‌ಹೆಡ್): ಕಮಿನ್ಸ್ ಐಎಸ್‌ಎಕ್ಸ್, ವೋಲ್ವೊ ಡಿ13, ಸ್ಟಾರ್ಟ್ ಆದಾಗ ಆಯಿಲ್ ತಡವಾಗಿ ತಲುಪುವ ಜಾಗ

ಕಾರಣಗಳು
• ಗಲ್ಫ್ ಸಂದರ್ಭದಲ್ಲಿ ಒಂದು ಮುಖ್ಯ ಕಾರಣ: ನಿಂತಲ್ಲೇ ಓಡುವ ಎಂಜಿನ್ (ಐಡ್ಲಿಂಗ್).
• ಹಿನ್ನೆಲೆ: ನಿಷೇಧದ ಹೊತ್ತು ಮುಗಿಯುವವರೆಗೆ ರಸ್ತೆಬದಿ ಕಾಯುವಿಕೆ, ಕ್ಯಾಬಿನ್ ಎಸಿಗಾಗಿ ಎಂಜಿನ್ ಚಾಲೂ
• ಲೆಕ್ಕ: ಐಡ್ಲ್ 600 ಆರ್‌ಪಿಎಂ → ಕ್ಯಾಮ್ 300 ಆರ್‌ಪಿಎಂ → ಸಂಜೆಯ 150 ನಿಮಿಷಕ್ಕೆ ಪ್ರತಿ ಲೋಬ್ 45,000 ಸುತ್ತು, ಕಿ.ಮೀ. ಮೀಟರ್‌ನಲ್ಲಿ ಏರಿಕೆ ಸೊನ್ನೆ
• ಐಡ್ಲ್‌ನಲ್ಲಿ ಹಾನಿ ಹೆಚ್ಚಲು: ಆಯಿಲ್ ಪದರ ತೆಳು, ಲೋಬ್ ತುದಿಯ ಮೇಲೆ ಸ್ಪ್ರಿಂಗ್‌ನ ಪೂರ್ಣ ಒತ್ತಡ (ಹೆಚ್ಚಿನ ವೇಗದಲ್ಲಿ ಜಡತ್ವದಿಂದ ಇಳಿಕೆ)
• ಮಸಿ: ಇಜಿಆರ್ (ಹೊಗೆಯ ಮರುಬಳಕೆ) ಇರುವ ಎಂಜಿನ್‌ನಲ್ಲಿ ಅಧಿಕ, ಜೆಡ್‌ಡಿಡಿಪಿ ಪದರವನ್ನು ಕೆರೆಯುವ ಕಣಗಳು
• ಮರಳಿನ ಧೂಳು: ಹರಿದ ಏರ್ ಫಿಲ್ಟರ್, ಸಡಿಲ ಹೋಸ್ ಕ್ಲ್ಯಾಂಪ್
• ಆಯಿಲ್‌ಗೆ ಬೆರೆತ ಡೀಸೆಲ್ ಅಥವಾ ಕೂಲೆಂಟ್
• ಮಿತಿಮೀರಿದ ಟ್ಯಾಪೆಟ್ ಗ್ಯಾಪ್ (ಬಡಿತ), ಅತಿ ಬಿಗಿ ವಾಲ್ವ್ ಸ್ಪ್ರಿಂಗ್
• ಎಂಜಿನ್ ಬ್ರೇಕ್‌ನ ಹೆಚ್ಚುವರಿ ಹೊರೆ

ಪತ್ತೆ
• ಲಕ್ಷಣ: ವಾಲ್ವ್ ಕವರ್ ಕೆಳಗೆ ಟಿಕ್-ಟಿಕ್ ಸದ್ದು, ಒಂದೇ ಸಿಲಿಂಡರ್‌ನಲ್ಲಿ ಮಿಸ್, ಗ್ಯಾಪ್ ಮತ್ತೆ ಮತ್ತೆ ಹೆಚ್ಚುವುದು
• ಸ್ಕೇಲ್ ಪರೀಕ್ಷೆ: ಟ್ಯಾಪೆಟ್ ತಳಕ್ಕೆ ಅಡ್ಡಲಾಗಿ ಉಕ್ಕಿನ ಸ್ಕೇಲ್‌ನ ಅಂಚು; ಎರಡೂ ತುದಿಗಳಲ್ಲಿ ಬೆಳಕು = ಸರಿ; ನಡುವೆ ಬೆಳಕು = ತಳ ಗುಳಿಬಿದ್ದಿದೆ, ತ್ಯಾಜ್ಯ
• ಲೋಬ್ ಎತ್ತರ: ಡಯಲ್ ಗೇಜ್
• ಆಯಿಲ್ ವಿಶ್ಲೇಷಣೆ: ಕಬ್ಬಿಣ – ಸವೆತ, ಸಿಲಿಕಾನ್ – ಧೂಳು, ಸೋಡಿಯಂ, ಪೊಟ್ಯಾಸಿಯಂ – ಕೂಲೆಂಟ್

ತಡೆ
• ಆಯಿಲ್ ಬದಲಾವಣೆ: ಕಿ.ಮೀ. ಜೊತೆಗೆ ಎಂಜಿನ್ ಗಂಟೆಗಳ ಆಧಾರ
• ದರ್ಜೆ: 15ಡಬ್ಲ್ಯು-40, ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) 'ಸಿ' ಶ್ರೇಣಿ
• ಎಪಿಐ ವರ್ಷಗಳು: ಸಿಎಚ್-4 – 1998, ಸಿಐ-4 – 2002, ಸಿಜೆ-4 – 2006, ಸಿಕೆ-4 – 1 ಡಿಸೆಂಬರ್ 2016
• ರಂಜಕ ಗರಿಷ್ಠ ಮಿತಿ: ಸಿಜೆ-4, ಸಿಕೆ-4 – 0.12%, 5ಡಬ್ಲ್ಯು-30 ಮಾದರಿಯ ಪೆಟ್ರೋಲ್ ಕಾರು ಆಯಿಲ್ – 0.08%. ಅಗ್ಗವೆಂದು ಕಾರಿನ ಆಯಿಲ್ ಟ್ರಕ್‌ಗೆ ಸುರಿಯುವುದು ನಿಷಿದ್ಧ
• ಜೋಡಣೆ: ಲೋಬ್‌ಗೆ ಅಸೆಂಬ್ಲಿ ಲ್ಯೂಬ್, ಸ್ಟಾರ್ಟ್‌ಗೆ ಮುನ್ನ ಆಯಿಲ್ ಪ್ರೈಮಿಂಗ್, ಹೊಸ ಚಪ್ಪಟೆ ಟ್ಯಾಪೆಟ್‌ಗೆ ಮೊದಲ ಓಟ ಏರಿಸಿದ ವೇಗದಲ್ಲಿ, ಬರಿ ಐಡ್ಲ್‌ನಲ್ಲಿ ಅಲ್ಲ
• ಫಿಲ್ಟರ್ ಕತ್ತರಿಸಿ ಅಯಸ್ಕಾಂತದಿಂದ ಪರೀಕ್ಷೆ

ಗೊಂದಲದ ಜೋಡಿ
• ಹೊಸ ಕ್ಯಾಮ್ + ಹಳೆ ಚಪ್ಪಟೆ ಟ್ಯಾಪೆಟ್: ತಪ್ಪು
• ಹಳೆ ಕ್ಯಾಮ್ + ಅದೇ ಹಳೆ ಟ್ಯಾಪೆಟ್, ಬಿಚ್ಚಿದ ಅದೇ ರಂಧ್ರಕ್ಕೆ: ಸರಿ
• ಶಾರ್ಜಾ ಮಾರುಕಟ್ಟೆಯ ಬಳಸಿದ ಕ್ಯಾಮ್: ಜೊತೆಗೆ ಹೊಸ ಟ್ಯಾಪೆಟ್ ಸೆಟ್, ಲೋಬ್ ಅಳತೆ ಕಡ್ಡಾಯ